ನಡಗೋ ಜಡ್ಡಿನ ಗುಳಗಿಗಳ ಹಿಂದಿನ ಕಥಿ

ಮನ್ಯಾಗ ಒಬ್ಬರಿಗೆ ಪಾರ್ಕಿನ್ಸನ್ಸ್ ಅದ ಅಂತ ಡಾಕ್ಟರ್ ಹೇಳಿದ್ರ ಸಾಕು, ಒಂದು ತಿಂಗಳ ಒಳಗ ಆ ಮನಿ ಹೆಣ್ಣುಮಕ್ಕಳೆಲ್ಲಾ ಅರ್ಧ ಡಾಕ್ಟರ್ ಆಗಿಬಿಡ್ತಾರ. ಮದವ್ಯಾಗ ಭೆಟ್ಟಿ ಆಗಲಿ, ಮುಂಜಿವ್ಯಾಗ ಆಗಲಿ, ಎಲಿ ಮುಂದ ಕೂತಾಗ ಇದ ಮಾತು. "ನಿಮ್ಮ ಅತ್ತಿಯವರಿಗೆ ಯಾವ ಗುಳಗಿ ಕೊಟ್ಟಾರ್ರಿ? ದಿನಕ್ಕ ಎಷ್ಟು? ಅಯ್ಯ ವೈನಿ, ಆ ಗುಳಗಿಗೆ ನಮ್ಮ ಮಾವನವರಿಗೆ ಭ್ರಮಿ ಆಗಿತ್ತು, ಹುಷಾರ್ರಿ." ಒಬ್ಬರಿಗೆ ಅಮೃತ ಆಗಿದ್ದು ಇನ್ನೊಬ್ಬರಿಗೆ ವಾಂತಿ ತರಿಸ್ತದ. ಒಬ್ಬರಿಗೆ ಬಾಯಿ ಒಣಗ್ತದ, ಇನ್ನೊಬ್ಬರಿಗೆ ಕಾಲು ಬಾಯ್ತಾವ. ಎಲ್ಲಾ ಗುಳಗಿ ಒಂದ ಜಡ್ಡಿಗೆ ಅಂದ ಮ್ಯಾಲೆ ಒಂದೊಂದರ ಕಾಟ ಒಂದೊಂದು ನಮೂನಿ ಯಾಕ ಅನ್ನೋದು ತಿಳೀಬೇಕಂದ್ರ ಅವು ಎಲ್ಲಿಂದ ಬಂದ್ವು ಅನ್ನೋದು ತಿಳೀಬೇಕು.

ನಮ್ಮ ಅತ್ತಿಯವರಿಗೆ ಈ ಜಡ್ಡು ಬಂದು ಆರು ವರ್ಷ ಆತು. "ಲೆವೊಡೋಪಾ ಐದು ವರ್ಷ ಅಷ್ಟ ನಡೀತದಂತ, ಈಗ ಖರ್ಚು ಮಾಡಿದ್ರ ಮುಂದ ಏನೂ ಉಳಿಯಂಗಿಲ್ಲಂತ" ಅಂತ ಬಳಗದಾಗ ಯಾರೋ ಹೇಳಿದ್ರು. ಆ ಮಾತು ಕೇಳಿ ಅವರು ಒಂದು ವರ್ಷ ಗುಳಗಿ ಅರ್ಧಾ ಮುರದ ತೊಗೊಂಡ್ರು, ಯಾರಿಗೂ ಹೇಳಲಿಲ್ಲ. ಆ ವರ್ಷ ಎರಡು ಸಲ ಬಚ್ಚಲದಾಗ ಬಿದ್ರು. ಈ ಮಾತು ನಮ್ಮ ಕಡೆ ಇನ್ನೂ ಎಷ್ಟೋ ಮನ್ಯಾಗ ನಡದದ, ಅದಕ್ಕ ಇಷ್ಟುದ್ದ ಬರೀಲಿಕ್ಕೆ ಕೂತೀನಿ.

ಈ ಜಡ್ಡಿನ ಹೆಸರು ಜೇಮ್ಸ್ ಪಾರ್ಕಿನ್ಸನ್ ಅನ್ನೋ ಡಾಕ್ಟರದು. ಲಂಡನ್ನಿನ ಹಾಕ್ಸ್‌ಟನ್ ಅನ್ನೋ ಓಣಿಯಾಗ ಇದ್ರು. 1817ರಾಗ ನಡಗೋ ಲಕ್ವಾದ ಮ್ಯಾಲೆ 66 ಪುಟದ ಸಣ್ಣ ಪುಸ್ತಕ ಬರದ್ರು. ಅದರಾಗ ಇರೋವ್ರು ಆರ ಮಂದಿ. ಅವರೊಳಗೂ ಎಲ್ಲಾರೂ ದವಾಖಾನಿಗೆ ಬಂದವ್ರಲ್ಲ. ಕೆಲವರನ್ನ ರಸ್ತಾದಾಗ ಕಂಡು ಮಾತಾಡಿಸಿದ್ದು, ಒಬ್ಬರನ್ನ ಬರೇ ದೂರದಿಂದ ನೋಡಿದ್ದು. ನಡಗೋ ಕೈ, ಬಾಗಿದ ಮೈ, ಸಣ್ಣ ಹೆಜ್ಜಿ ಇಡಕೋತ ಓಡಿಧಂಗ ನಡಿಯೋದು, ಎಲ್ಲಾ ಇವತ್ತಿಗೂ ಹೌದು ಅನ್ನಿಸೋ ಹಂಗ ಬರದಾರ. ಔಷಧ ಮಾತ್ರ ಏನಿತ್ತು? ಕುತಿಗಿ ಹತ್ರ ರಕ್ತ ತಗೀರಿ, ಅಲ್ಲೇ ಗುಳ್ಳಿ ಎಬ್ಬಿಸಿ ಕೀವು ಹರಿಸ್ರಿ ಅಂತ. ಆದ್ರ ಒಂದು ಮಾತು ಪ್ರಾಮಾಣಿಕ ಹೇಳಿದ್ರು: ಈ ಜಡ್ಡು ಏನಂತ ಬರೋಬ್ಬರಿ ತಿಳಿಯೋತನಾ ಹೊಟ್ಟಿಗೆ ಔಷಧ ಕೊಡೋದು ಸರಿ ಅಲ್ಲ. ಇವತ್ತು ಯಾರಾದ್ರೂ ಡಾಕ್ಟರ್ ಹಂಗಂದ್ರ ನಾವು ಬ್ಯಾರೆ ಡಾಕ್ಟರ್ ಕಡೆ ಹೋಗ್ತೀವಿ!

ಹೊಟ್ಟಿಗೆ ಕೊಡೋ ಮೊದಲನೇ ಔಷಧ ಪ್ಯಾರಿಸ್ಸಿನಾಗ ಸುರು ಆತು. ಅಲ್ಲಿ ಸಾಲ್ಪೆಟ್ರಿಯೇರ್ ಅಂತ ದೊಡ್ಡ ಆಸ್ಪತ್ರಿ. ಆಸ್ಪತ್ರಿ ಅನ್ನೋದಕ್ಕಿಂತ ಊರಿನ ಬಡ ಮುದುಕ್ಯಾರನ್ನ ತಂದು ಇಡೋ ಜಾಗಾ, ಸಾವಿರಗಟ್ಲೆ ಹೆಣ್ಣುಮಕ್ಕಳು. 1862ರಿಂದ ಅಲ್ಲಿ ಶಾರ್ಕೋ ಅನ್ನೋ ಡಾಕ್ಟರ್ ಬಂದ್ರು. ಆ ಮುದುಕ್ಯಾರನ್ನ ವರ್ಷಾನುಗಟ್ಲೆ ನೋಡಿ, ಎಲ್ಲಾರಿಗೂ ಕೈ ನಡಗಂಗಿಲ್ಲ, ಖರೇ ತ್ರಾಸು ಮೈ ಬಿಗಿಯೋದು ಮತ್ತ ಕೆಲಸ ನಿಧಾನ ಆಗೋದು ಅಂತ ಕಂಡು, "ನಡಗೋ ಲಕ್ವಾ" ಅನ್ನೋ ಹೆಸರ ತಪ್ಪು, ಪಾರ್ಕಿನ್ಸನ್ನರ ಹೆಸರು ಇಡೋಣು ಅಂದವ್ರು ಅವರ. ಗಾಡಿಯೊಳಗ, ರೈಲಿನ್ಯಾಗ ದೂರ ಕುಲುಕಾಡಕೋತ ಬಂದ ಮ್ಯಾಲೆ ಮೈ ಹಗುರ ಅನ್ನಿಸ್ತದ ಅಂತ ಜಡ್ಡಿನವ್ರು ಹೇಳಿದ್ದು ಕೇಳಿ ಗಡಗಡ ಅಲಗಾಡೋ ಒಂದು ಕುರ್ಚಿ ಸುದ್ದಾ ಮಾಡಿಸಿದ್ರು. ಅದು ನಡೀಲಿಲ್ಲ, ಬಿಡ್ರಿ. ನಡದದ್ದು ಬೆಲಡೋನಾ ಜಾತಿ ಗಿಡದಿಂದ ತಗದ ಔಷಧ.

ಬೆಲಡೋನಾ ಅಂದ್ರ ನಮ್ಮ ಈಶ್ವರಗ ಏರಿಸೋ ದತ್ತೂರಿಯ ಬಳಗದ ಗಿಡ. ಎರಡರೊಳಗೂ ಇರೋ ವಿಷ ಒಂದ ಜಾತಿದು. ದತ್ತೂರಿ ತಿಂದವ್ರಿಗೆ ಏನಾಗ್ತದ ಅನ್ನೋದು ನಮ್ಮ ಅಜ್ಜಿಗೋಳಿಗೆ ಗೊತ್ತಿತ್ತು: ಬಾಯಿ ಒಣಗ್ತದ, ಕಣ್ಣು ಮಂಜಾಗ್ತಾವ, ಮೂತ್ರ ಕಟ್ತದ, ಹುಚ್ಚುಚ್ಚಾರ ಮಾತಾಡ್ತಾರ. ಅದ ಗುಣ ಭಾಳ ಸಣ್ಣ ಪ್ರಮಾಣದಾಗ ಕೊಟ್ಟಾಗ ಜೊಲ್ಲು ಸುರಿಯೋದು ನಿಂದ್ರತಿತ್ತು, ನಡುಕ ಒಂದೀಟು ಕಡಿಮಿ ಆಗ್ತಿತ್ತು. 1920-30ರ ಸುಮಾರು ಬಲ್ಗೇರಿಯಾದ ಇವಾನ್ ರಾಯೆವ್ ಅನ್ನೋ ನಾಟಿ ವೈದ್ಯ ಬೆಲಡೋನಾ ಬೇರನ್ನ ದ್ರಾಕ್ಷಿ ಮದ್ಯದಾಗ ಕುದಿಸಿ ಕೊಡತಿದ್ದ. ಇಟಲಿಯ ರಾಣಿ ಎಲೆನಾ ಆ ಔಷಧದ ಗುಟ್ಟು ರೊಕ್ಕಾ ಕೊಟ್ಟು ಕೊಂಡು ತಮ್ಮ ದೇಶದಾಗ ದವಾಖಾನಿ ತಗಸಿದ್ರು. ಮುಂದ ಕಾರ್ಖಾನ್ಯಾಗ ಅದ ಗುಣದ ಗುಳಗಿ ಮಾಡಿದ್ರು. 1940ರ ದಶಕದ ಕೊನಿಗೆ ಟ್ರೈಹೆಕ್ಸಿಫೆನಿಡಿಲ್ ಬಂತು. ನಮ್ಮ ಕಡೆ ಪ್ಯಾಸಿಟೇನ್ ಅಂತ ಸಿಗೋದು ಇದ. ಈಗ ತಿಳೀತಲ್ಲ, ಆ ಗುಳಗಿ ತೊಗೊಳ್ಳೋವ್ರು "ಬಾಯಾಗ ನೀರಿಲ್ಲ, ಭಕ್ರಿ ಗಂಟಲದಾಗ ಇಳಿಯಂಗಿಲ್ಲ" ಅಂತ ಯಾಕ ಅಂತಾರ ಅಂತ. ವಯಸ್ಸು ಸಣ್ಣದಿದ್ದು ನಡುಕದ್ದ ಕಾಟ ಇದ್ದವ್ರಿಗೆ ಇದು ಛಲೋ ಕೆಲಸ ಮಾಡ್ತದ. ಎಪ್ಪತ್ತು ದಾಟಿದವ್ರಿಗೆ ಕೊಟ್ರ ಮರವು, ಗಲಿಬಿಲಿ, ಮಲಬದ್ಧತೆ. ಗಂಡಸರಿಗೆ ಪ್ರೋಸ್ಟೇಟ್ ತ್ರಾಸು ಇದ್ರ ಮೂತ್ರ ಕಟ್ಟಿಬಿಡ್ತದ. ಹಿಂಗಾಗಿ ಈಗಿನ ಡಾಕ್ಟರ್ ಮಂದಿ ವಯಸ್ಸಾದವ್ರಿಗೆ ಇದನ್ನ ಕೊಡಲಿಕ್ಕೆ ಹಿಂದ ಮುಂದ ನೋಡ್ತಾರ. ಮನ್ಯಾಗ ಹಿರಿಯರು ಒಮ್ಮೆಲೆ ಮಕ್ಕಳ ಹೆಸರು ಮರೀಲಿಕ್ಕೆ ಹತ್ತಿದ್ರ "ಅರಳು ಮರಳು" ಅನ್ನೋಕಿಂತ ಮೊದಲ ಗುಳಗಿ ಚೀಟಿ ನೋಡ್ರಿ.

ಇನ್ನು ಎಲ್ಲಾದಕ್ಕೂ ದೊಡ್ಡದು ಲೆವೊಡೋಪಾ. ಇದರ ಕಥಿಯೊಳಗ ನಮ್ಮ ದೇಶದ ಎರಡು ಗಿಡ ಬರ್ತಾವ, ಮತ್ತ ಅದ ನನಗ ಭಾಳ ಮಜಾ ಅನ್ನಿಸೋದು.

ಮೊದಲ ಸ್ವಿಟ್ಜರ್ಲೆಂಡಿನ ಬಾಸೆಲ್ ಊರು. 1913ರಾಗ ಗುಗ್ಗೆನ್‌ಹೈಮ್ ಅನ್ನೋ ರಸಾಯನದ ಪಂಡಿತರು ಒಂದು ಜಾತಿ ದೊಡ್ಡ ಅವರಿಕಾಳಿನಂಥಾ ಕಾಯಿಯಿಂದ ಲೆವೊಡೋಪಾ ತಗದ್ರು. ಏನಾಗ್ತದ ನೋಡೋಣು ಅಂತ ಎರಡೂವರಿ ಗ್ರಾಂ ತಾವ ನುಂಗಿದ್ರು. ಆದದ್ದೇನು, ಜೋರು ವಾಂತಿ. ಔಷಧಕ್ಕ ಇದು ಉಪಯೋಗಿಲ್ಲ ಅಂತ ಮುಂದ ಎಷ್ಟೋ ವರ್ಷ ಹಂಗ ಬಿದ್ದಿತ್ತು. 1937ರಾಗ ಮದ್ರಾಸಿನ ದಾಮೋದರನ್ ಮತ್ತ ರಾಮಸ್ವಾಮಿ ಅನ್ನೋವ್ರು ನಮ್ಮ ನಸಗುನ್ನಿ ಬೀಜದಾಗ ಅದ ಲೆವೊಡೋಪಾ ಅದ ಅಂತ ತಗದು ತೋರಿಸಿದ್ರು. ನಸಗುನ್ನಿ ಅಂದ್ರ ಮೈಗೆ ತಾಗಿದ್ರ ತುರಿಸಿ ತುರಿಸಿ ಸಾಯೋ ಹಂಗ ಆಗ್ತದಲ್ಲ, ಅದ. ಸಂಸ್ಕೃತದಾಗ ಕಪಿಕಚ್ಛು, ಆತ್ಮಗುಪ್ತಾ. ಮಂಗ್ಯಾ ಸುದ್ದಾ ಅದರ ಹತ್ರ ಹೋಗಿ ತುರಸಗೊಳ್ತದಂತ! ನಮ್ಮ ವೈದ್ಯರು ಕಂಪವಾತಕ್ಕ ಇದರ ಬೀಜ ಕೊಡತಿದ್ರು. ಮದ್ರಾಸಿನವ್ರು ತಗದಾಗ ಮಾತ್ರ ಅದರೊಳಗಿನ ಲೆವೊಡೋಪಾಕ್ಕೂ ಈ ಜಡ್ಡಿಗೂ ನಂಟು ಅದ ಅಂತ ಯಾರಿಗೂ ಗೊತ್ತಿರಲಿಲ್ಲ.

ಆ ನಂಟು ತೋರಿಸಿದ್ದು ಎರಡನೇ ಗಿಡ, ಸರ್ಪಗಂಧಿ. 1931ರಾಗ ಕಲಕತ್ತಾದ ಗಣನಾಥ ಸೇನ್ ಮತ್ತ ಕಾರ್ತಿಕ ಚಂದ್ರ ಬೋಸ್ ಅವರು ಈ ಬೇರು ಬಿಪಿಗೂ ಹುಚ್ಚಿಗೂ ಆಗ್ತದ ಅಂತ ಬರದ್ರು. 1949ರಾಗ ಮುಂಬೈದ ರುಸ್ತುಂ ವಕೀಲ ಅವರು ಇಂಗ್ಲೆಂಡಿನ ಹೃದಯದ ಪತ್ರಿಕಾದಾಗ ಬರದ ಮ್ಯಾಲೆ ಜಗತ್ತೆಲ್ಲಾ ಅದರ ಹಿಂದ ಬಿತ್ತು. 1952ರಾಗ ಸ್ವಿಟ್ಜರ್ಲೆಂಡಿನವ್ರು ಅದರೊಳಗಿನ ಸಾರ ತಗದು ರಿಸರ್ಪೀನ್ ಅಂತ ಹೆಸರಿಟ್ರು. ಬಿಪಿ ಇಳೀತು ಖರೇ, ಆದ್ರ ಕೆಲವರ ಮೈ ಬಿಗದು, ಮಾರಿ ಕಲ್ಲಿನಂಗಾಗಿ, ಅಗದೀ ಪಾರ್ಕಿನ್ಸನ್ಸ್ ಬಂಧಂಗ ಆಗ್ತಿತ್ತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಆ ರಿಸರ್ಪೀನನ್ನ ಮೊಲಗಳಿಗೆ ಕೊಟ್ರು. ಮೊಲ ಕಿವಿ ಜೋತ ಬಿಟ್ಟು ಅಲುಗಾಡದ ಬಿದ್ವು. ಆಮ್ಯಾಲೆ ಡೋಪಾ ಚುಚ್ಚಿದ್ರು. ಹತ್ತು ಹದಿನೈದು ನಿಮಿಷದಾಗ ಕಿವಿ ಎತ್ತಿ ಎದ್ದು ಓಡಾಡಿದ್ವು. ಇದು 1957ರ ಮಾತು. ಮಿದಳಿನ್ಯಾಗ ಡೋಪಮಿನ್ ಕಡಿಮಿ ಆದ್ರ ಮೈ ಕಟ್ಟಿ ಹಾಕಿಧಂಗ ಆಗ್ತದ ಅಂತ ಹಿಂಗ ತಿಳೀತು. ಕಾರ್ಲ್‌ಸನ್ನರಿಗೆ ನೊಬೆಲ್ ಬಂದದ್ದು 2000ದಾಗ, ನಡುವ ನಲವತ್ತು ವರ್ಷದ ಮ್ಯಾಲೆ ಹೋಗಿತ್ತು. ಸರ್ಪಗಂಧಿ ಬೇರು ಅರದು ಕೊಡತಿದ್ದ ನಮ್ಮ ವೈದ್ಯರ ಹೆಸರು ಆ ಸಮಾರಂಭದಾಗ ಯಾರು ನೆನಸ್ತಾರ?

1960ರಾಗ ವಿಯೆನ್ನಾದ ಹಾರ್ನಿಕೀವಿಚ್ ಅನ್ನೋವ್ರು ಈ ಜಡ್ಡಿನಿಂದ ಸತ್ತವರ ಮಿದುಳು ಪರೀಕ್ಷಾ ಮಾಡಿ, ಅದರ ಆಳದ ಒಂದು ಭಾಗದಾಗ ಡೋಪಮಿನ್ ಭಾಳ ಕಡಿಮಿ ಆಗ್ಯದ ಅಂತ ತೋರಿಸಿದ್ರು. ಮರುವರ್ಷ ಅದ ಊರಿನ ಬಿರ್ಕ್‌ಮಾಯರ್ ಅನ್ನೋ ಡಾಕ್ಟರ್ ಜಡ್ಡಿನವ್ರ ನರಕ್ಕ ಲೆವೊಡೋಪಾ ಚುಚ್ಚಿದ್ರು. ಹಾಸಿಗಿ ಬಿಟ್ಟು ಏಳಲಾರದವ್ರು ಎದ್ದು ಕೂತ್ರು, ನಿಂತ್ರು, ಕೆಲವರು ಓಡಾಡಿದ್ರು. ಒಂದೆರಡು ತಾಸು, ಕೆಲವರಿಗೆ ಇನ್ನೂ ಒಂದೀಟು ಹೊತ್ತು, ಆಮ್ಯಾಲೆ ಮತ್ತ ಹಾಸಿಗಿ. ಮತ್ತ ವಾಂತಿ.

ಡೋಪಮಿನ್ ಬೇಕಾಗಿದ್ದರ ಅದನ್ನ ಯಾಕ ಕೊಡಂಗಿಲ್ಲ ಅಂತ ನಮ್ಮ ಮಾಂಶಿ ಒಬ್ಬರು ಕೇಳಿದ್ರು. ಭಾಳ ಛಲೋ ಪ್ರಶ್ನಿ. ಮಿದಳಿಗೆ ಒಂದು ಕಾವಲ ಅದ, ಡೋಪಮಿನ್ನಿಗೆ ಅದು ಬಾಗಲಾ ತಗಿಯಂಗಿಲ್ಲ, ಲೆವೊಡೋಪಾಕ್ಕ ತಗೀತದ. ಒಳಗ ಹೋಗಿ ಅದು ಡೋಪಮಿನ್ ಆಗ್ತದ. ಆದ್ರ ಹೊಟ್ಟಿಗೆ ಹಾಕಿದ ಲೆವೊಡೋಪಾದಾಗ ಬಹುತೇಕ ಎಲ್ಲಾ ಮಿದಳು ಮುಟ್ಟೋಕಿಂತ ಮೊದಲ ಹಾದ್ಯಾಗ ಡೋಪಮಿನ್ ಆಗಿಬಿಡ್ತದ. ಹಾದ್ಯಾಗ ಆದ ಡೋಪಮಿನ್ನ ಹೊಟ್ಟಿ ತೊಳಸ್ತದ, ಬಿಪಿ ಇಳಿಸ್ತದ. 1967ರಾಗ ಅಮೆರಿಕಾದ ಜಾರ್ಜ್ ಕೋಟ್ಸಿಯಾಸ್ ಅನ್ನೋ ಡಾಕ್ಟರ್ ಒಂದು ಉಪಾಯ ಮಾಡಿದ್ರು. ಅಗದೀ ಸಣ್ಣ ಪ್ರಮಾಣದಿಂದ ಸುರು ಮಾಡಿ, ವಾರಗಟ್ಲೆ ತಡದು ತಡದು ಏರಿಸಿ, ಕಡೀಕ್ಕ ದಿನಕ್ಕ 16 ಗ್ರಾಂ ತನಕಾ ಒಯ್ದ್ರು. ಇವತ್ತಿನ ಗುಳಗ್ಯಾಗ ಇರೋದು 100 ಮಿಲಿಗ್ರಾಂ, ಅಂದ್ರ ಒಂದು ಗ್ರಾಮಿನ ಹತ್ತನೇ ಭಾಗ. ಅವರು ಮೊದಲ ಕೊಟ್ಟದ್ದು ಅರ್ಧಾ ಉಪಯೋಗಿಲ್ಲದ ಕಲಬೆರಕಿ ಡೋಪಾ, ಅದಕ್ಕ ಅಷ್ಟು ಬೇಕಾತು. ಅದರಿಂದ ರಕ್ತಕ್ಕೂ ಕೆಟ್ಟದಾಗ್ತಿತ್ತು. ಮುಂದ ಶುದ್ಧ ಲೆವೊಡೋಪಾ ಹಚ್ಚಿದ್ರು. ಫಲ ಮಾತ್ರ ಜಗತ್ತ ಬೆರಗಾಗೋ ಹಂಗ ಬಂತು. 1970ರಾಗ ಅಮೆರಿಕಾ ಸರಕಾರದ ಒಪ್ಪಿಗಿ ಸಿಕ್ತು.

ವಾಂತಿ ಕಥಿ ಮುಗಿಸಿದ್ದು ಕಾರ್ಬಿಡೋಪಾ. ಇದು ಮಿದಳೊಳಗ ಹೋಗಂಗಿಲ್ಲ. ಹೊರಗ ನಿಂತು, ಹಾದ್ಯಾಗ ಲೆವೊಡೋಪಾ ಹಾಳಾಗೋದನ್ನ ತಡೀತದ. ಎರಡೂ ಕೂಡಿಸಿದ ಗುಳಗಿ ಅಮೆರಿಕಾದಾಗ 1975ರಾಗ ಬಂತು. ಅದಕ್ಕ ಇಟ್ಟ ಹೆಸರು ಸಿನೆಮೆಟ್, ಲ್ಯಾಟಿನ್ ಭಾಷಾದಾಗ ವಾಂತಿ ಇಲ್ಲದ್ದು ಅಂತ ಅರ್ಥ. ಲೆವೊಡೋಪಾ ಪ್ರಮಾಣ ನಾಕನೇ ಒಂದು ಭಾಗಕ್ಕ ಇಳೀತು. ನಮ್ಮ ಪಾಕೀಟಿನ ಮ್ಯಾಲೆ ಬರಿಯೋ ಅಂಕಿ ಸಹಿತ ಇದರದ್ದ. 110 ಅಂದ್ರ ಲೆವೊಡೋಪಾ 100, ಕಾರ್ಬಿಡೋಪಾ 10. 125 ಅಂದ್ರ 100 ಮತ್ತ 25. 275 ಅಂದ್ರ 250 ಮತ್ತ 25. "110ಕ್ಕೂ 125ಕ್ಕೂ ಏನಂಥಾ ಫರಕ" ಅಂತ ಭಾಳ ಮಂದಿ ಅಂಗಡ್ಯಾಗ ಯಾವುದು ಸಿಗ್ತದೋ ಅದನ್ನ ತೊಗೊಂಡು ಬರ್ತಾರ. ಫರಕ ಅದ. ವಾಂತಿ ತಡೀಲಿಕ್ಕೆ ದಿನಕ್ಕ ಸುಮಾರು 70-75 ಮಿಲಿಗ್ರಾಂ ಕಾರ್ಬಿಡೋಪಾ ಬೇಕು. 125ರ ಮೂರು ಗುಳಗ್ಯಾಗ ಅಷ್ಟು ಸಿಗ್ತದ, 110ರ ಮೂರು ಗುಳಗ್ಯಾಗ ಸಿಗೋದು 30 ಅಷ್ಟ. ಹೊಸದಾಗಿ ಸುರು ಮಾಡಿದವ್ರಿಗೆ ಹೊಟ್ಟಿ ತೊಳಸ್ತಿದ್ರ ಇದೊಂದು ಮಾತು ಡಾಕ್ಟರಿಗೆ ಕೇಳ್ರಿ, ಔಷಧ ಬಿಡಬ್ಯಾಡ್ರಿ.

ಅಡಗಿ ಮನಿಗೆ ಸಂಬಂಧಪಟ್ಟದ್ದೂ ಆ ಕಾಲದಾಗ ತಿಳದದ್ದ. ಲೆವೊಡೋಪಾ ಒಂದು ಅಮೈನೋ ಆಮ್ಲ. ಬ್ಯಾಳಿ, ಮೊಸರು, ಹಾಲು, ತತ್ತಿಯೊಳಗಿನ ಪ್ರೋಟೀನ್ ಕರಗಿದ್ರ ಆಗೋದೂ ಅಮೈನೋ ಆಮ್ಲನ. ಕರಳಿನ್ಯಾಗ, ಮಿದಳಿನ ಬಾಗಲದಾಗ, ಎರಡೂ ಒಂದ ಕಿಂಡಿಯಿಂದ ನುಗ್ಗಬೇಕು. ಬಟ್ಟಲ ತುಂಬ ಮೊಸರನ್ನ ಉಂಡು ಗುಳಗಿ ನುಂಗಿದ್ರ ಮೊಸರು ಒಳಗ, ಗುಳಗಿ ಬಾಗಲದ ಹೊರಗ. 1980ರ ದಶಕದಾಗ ಇದನ್ನ ಬರೋಬ್ಬರಿ ಪರೀಕ್ಷಾ ಮಾಡ್ಯಾರ. ಊಟಕ್ಕ ಅರ್ಧಾ ತಾಸು ಮೊದಲ ಗುಳಗಿ ಕೊಡ್ರಿ ಅಂತ ಹೇಳೋದು ಇದಕ್ಕ. ಹೊಟ್ಟಿ ತೊಳಿಸಿದ್ರ ಒಂದು ತುಣುಕು ಭಕ್ರಿ ಇಲ್ಲಾ ಎರಡು ಬಿಸ್ಕೀಟು ಕೊಡಬಹುದು, ಒಂದ್ವಾಟಿ ಹಾಲು ಬ್ಯಾಡ. ಪ್ರೋಟೀನ್ ಬಿಡಿಸಬಾರದು ಮತ್ತ, ಮೊದಲ ಸೊರಗಿರ್ತಾರ.

ಲೆವೊಡೋಪಾದ ಖರೇ ಕಾಟ ವಾಂತಿ ಅಲ್ಲ, ಅದು ಮುಂದ ಬರ್ತದ. ಕೆಲ ವರ್ಷ ಆದ ಮ್ಯಾಲೆ ಗುಳಗಿ ಏರಿದಾಗ ಮೈ ತಾನ ಹಾವಿನಂಗ ಹೊರಳಾಡ್ತದ, ಇಳದಾಗ ಕಟ್ಟಿ ಹಾಕಿಧಂಗ ಆಗ್ತದ. ಇದನ್ನ ಜಗತ್ತಿಗೆ ಮನಸಿಗೆ ನಾಟೋ ಹಂಗ ತೋರಿಸಿದ್ದು ಆಲಿವರ್ ಸ್ಯಾಕ್ಸ್ ಅನ್ನೋ ಡಾಕ್ಟರ್. ಒಂದನೇ ಮಹಾಯುದ್ಧದ ಹೊತ್ತಿಗೆ ನಿದ್ದಿ ಜಡ್ಡು ಅಂತ ಒಂದು ಪಿಡುಗು ಬಂದಿತ್ತು. ಅದರಿಂದ ಬದುಕಿ ಉಳದು, ಆಮ್ಯಾಲೆ ಕಲ್ಲಿನಂಗ ಕೂತ ಮಂದಿ ನ್ಯೂಯಾರ್ಕಿನ ಒಂದು ಆಸ್ಪತ್ರ್ಯಾಗ ಹತ್ತಾರು ವರ್ಷದಿಂದ ಇದ್ರು. 1969ರಾಗ ಅವರಿಗೆ ಲೆವೊಡೋಪಾ ಕೊಟ್ಟಾಗ ಎದ್ರು, ಮಾತಾಡಿದ್ರು, ನಕ್ಕರು. ಸ್ವಲ್ಪ ದಿನದಾಗ ಭ್ರಮಿ, ಹೊರಳಾಟ, ಮತ್ತ ಮೊದಲಿನಂಗ. 1973ರಾಗ ಅವರು ಬರದ ಅವೇಕನಿಂಗ್ಸ್ ಪುಸ್ತಕದ ಮ್ಯಾಲೆ 1990ರಾಗ ಸಿನೆಮಾ ಬಂತು. ಅದನ್ನ ನೋಡಿ ಹೆದರಿದವ್ರು ಭಾಳ. ಆದ್ರ ಆ ಮಂದಿ ಜಡ್ಡು ನಮ್ಮ ಮನಿ ಹಿರಿಯರ ಜಡ್ಡಿಗಿಂತ ಬ್ಯಾರೆ. ಅವರ ಮಿದಳು ಪೂರಾ ಕೆಟ್ಟು ಎಷ್ಟೋ ವರ್ಷ ಆದ ಮ್ಯಾಲೆ ಔಷಧ ಸಿಕ್ಕಿತ್ತು, ಅದೂ ಆಗಿನ ಕಾಲದ ದೊಡ್ಡ ಪ್ರಮಾಣದಾಗ. ಅವರಿಗೆ ಆದದ್ದ ನಮ್ಮವ್ರಿಗೂ ಆಗ್ತದ ಅನ್ನೋದು ಸರಿ ಅಲ್ಲ.

ಇಷ್ಟರೊಳಗ ಒಬ್ಬ ಹೆಣ್ಣುಮಗಳ ಕಥಿ ಹೇಳಲೇಬೇಕು. 1968ರಾಗ ಬೋಸ್ಟನ್ನಿನ ಡಾಕ್ಟರ್ ಶ್ವಾಬ್ ಅವರ ಕಡೆ ಪಾರ್ಕಿನ್ಸನ್ಸ್ ಇದ್ದ 58 ವರ್ಷದ ಹೆಣ್ಣುಮಗಳು ಬರತಿದ್ರು. ಫ್ಲೂ ಬರಬಾರದು ಅಂತ ಅಮಾಂಟಡಿನ್ ಅನ್ನೋ ಗುಳಗಿ ದಿನಾ ಎರಡು ತೊಗೊಂಡಾಗ ನನ್ನ ಕೈ ನಡುಕ, ಬಿಗಿತ ಎಲ್ಲಾ ಕಡಿಮಿ ಆಗಿತ್ತು, ಆರು ವಾರದ ಮ್ಯಾಲೆ ಬಿಟ್ಟ ಕೂಡ್ಲೆ ಮತ್ತ ಬಂತು ಅಂತ ಹೇಳಿದ್ರು. ಡಾಕ್ಟರ್ ಆ ಮಾತು ಕೇಳಿ ಬಿಟ್ಟುಬಿಡಲಿಲ್ಲ, ಉಳದವ್ರಿಗೂ ಕೊಟ್ಟು ನೋಡಿ 1969ರಾಗ ಬರದ್ರು. ಆಕಿ ಹೆಸರು ಎಲ್ಲೂ ಇಲ್ಲ, ಡಾಕ್ಟರದ್ದು ಅದ! ಮುಂದ ಲೆವೊಡೋಪಾದ ಹೊರಳಾಟ ಕಡಿಮಿ ಮಾಡಲಿಕ್ಕೂ ಇದ ಗುಳಗಿ ಆಗ್ತದ ಅಂತ ತಿಳೀತು, ಇವತ್ತಿಗೂ ಅದಕ್ಕ ಕೊಡ್ತಾರ. ಇದರ ಕಾಟ: ಕಾಲು ಬಾಯೋದು, ತೊಡಿ ಕಾಲಿನ ಮ್ಯಾಲೆ ನೇರಳೆ ಬಣ್ಣದ ಬಲಿ ಹಾಸಿಧಂಗ ಕಾಣೋದು, ನಿದ್ದಿ ಕೆಡೋದು, ವಯಸ್ಸಾದವ್ರಿಗೆ ಇಲ್ಲದ ಮಂದಿ ಕಾಣೋದು. ಹಿಂಗಾಗಿ ರಾತ್ರಿ ಕೊಡಂಗಿಲ್ಲ.

1974ರಿಂದ ಬ್ರೋಮೊಕ್ರಿಪ್ಟಿನ್ ಸುರು ಆತು. ಬಾಣಂತಿಯರ ಹಾಲು ನಿಂದರಸಲಿಕ್ಕೆ ಕೊಡೋ ಗುಳಗಿ ಅದು. ಡೋಪಮಿನ್ ಆಗಲಾರದ, ಡೋಪಮಿನ್ನಿನ ಹಂಗ ನಟಿಸೋ ಔಷಧ. ಈ ಬಳಗದ ಪರ್ಗೋಲೈಡ್ ಅನ್ನೋದು ಹೃದಯದ ಕವಾಟ ದಪ್ಪ ಮಾಡ್ತದ ಅಂತ ತಿಳದು 2007ರಾಗ ಅಮೆರಿಕಾದಾಗ ಹಿಂದಕ್ಕ ತೊಗೊಂಡ್ರು. 1997ರಾಗ ಬಂದ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಗುಳಗಿಗೆ ಆ ಕಾಟ ಇಲ್ಲ, ಆದ್ರ ಬ್ಯಾರೆ ಅದ. 1999ರಾಗ ಗಾಡಿ ಹೊಡಿಯೋವಾಗ ಒಮ್ಮೆಲೆ ನಿದ್ದಿ ಹತ್ತಿದವ್ರ ಸುದ್ದಿ ಬಂತು. 2005ರ ಸುಮಾರು ಜೂಜಿನ ಸುದ್ದಿ. ಜನ್ಮದಾಗ ಇಸ್ಪೀಟು ಮುಟ್ಟಲಾರದವ್ರು ಮನಿ ಮಾರೋ ಹಂಗ ಜೂಜಾಡಲಿಕ್ಕೆ ಹತ್ತಿದ್ರು, ಗುಳಗಿ ಬಿಡಿಸಿದ ಮ್ಯಾಲೆ ಬಿಟ್ರು. ಕೆಲವರಿಗೆ ತಿನ್ನೋ ಹುಚ್ಚು, ಕೆಲವರಿಗೆ ಸಾಮಾನು ಕೊಳ್ಳೋ ಹುಚ್ಚು, ಕೆಲವರಿಗೆ ಹೇಳಲಿಕ್ಕೆ ನಾಚಿಕಿ ಆಗೋ ಹುಚ್ಚು. ಈ ಕಡೀದು ಮನಿ ಹೆಂಗಸರ ಬಾಯಾಗ ಬರಂಗಿಲ್ಲ, ಒಳಗ ನುಂಗಕೊಂಡು ಕೂಡ್ತಾರ. ಎಪ್ಪತ್ತು ವರ್ಷದ ಯಜಮಾನರು ಹಿಂಗ್ಯಾಕ ಆದ್ರು ಅಂತ ಅತ್ತವ್ರು ಇದ್ದಾರ. ಅದು ಅವರ ಗುಣ ಅಲ್ಲ, ಗುಳಗಿ ಗುಣ. ಡಾಕ್ಟರಿಗೆ ಒಂದು ಚೀಟ್ಯಾಗ ಬರದು ಕೊಟ್ರೂ ನಡೀತದ.

ಉಳದ ಗುಳಗಿ ಮಾತು ಗಡಬಡಿಸಿ ಹೇಳ್ತೀನಿ. ಸೆಲೆಜಿಲಿನ್, ರಸಾಜಿಲಿನ್ ಡೋಪಮಿನ್ ಕರಗೋದನ್ನ ತಡಿಯೋವು, ಬಲ ಕಡಿಮಿ, ಕಾಟನೂ ಕಡಿಮಿ. ಆದ್ರ ಕೆಲವು ಮನಸಿನ ಗುಳಗಿ, ಕೆಲವು ಕೆಮ್ಮಿನ ಔಷಧದ ಜೋಡಿ ಕೂಡಂಗಿಲ್ಲ, ಅಂಗಡ್ಯಾಗ ಕೇಳದ ಔಷಧ ತರಬ್ಯಾಡ್ರಿ. ಟೋಲ್ಕಪೋನ್ ಯಕೃತ್ತು ಕೆಡಿಸಿ ಕೆಲವರು ತೀರಿಕೊಂಡದ್ದಕ್ಕ 1998ರಾಗ ಯುರೋಪಿನಾಗ ನಿಂದರಿಸಿದ್ರು. ಅದರ ತಮ್ಮ ಎಂಟಕಪೋನ್ ಹಂಗ ಮಾಡಂಗಿಲ್ಲ, ಮೂತ್ರ ಕೇಸರಿ ಬಣ್ಣ ಆಗ್ತದ ಅಷ್ಟ. ರಕ್ತ ಅಂತ ಗಾಬರಿ ಆಗಬ್ಯಾಡ್ರಿ.

ಈಗ ಅತ್ತಿಯವರ ಅರ್ಧಾ ಗುಳಗಿ ಮಾತಿಗೆ ಬರ್ತೀನಿ. ಲೆವೊಡೋಪಾ ಕೂಡಿ ಇಡಬೇಕು ಅನ್ನೋ ವಿಚಾರ ಡಾಕ್ಟರ್ ಮಂದಿಯೊಳಗೂ ಎಷ್ಟೋ ವರ್ಷ ಇತ್ತು, ಬಳಗದವ್ರು ಸುಳ್ಳ ಹುಟ್ಟಿಸಿದ್ದಲ್ಲ. ಆದ್ರ ಅದನ್ನ ಪರೀಕ್ಷಾ ಮಾಡಿ ನೋಡಿದ್ರು. ಆಫ್ರಿಕಾದ ಘಾನಾದಾಗ ಬಡತನಕ್ಕ ಔಷಧ ತಡಾ ಸಿಗತಿತ್ತು, ಜಡ್ಡು ಸುರು ಆಗಿ ಸುಮಾರು ನಾಕು ವರ್ಷಕ್ಕ. ಇಟಲಿಯಾಗ ಎರಡೂವರಿ ವರ್ಷದೊಳಗ. ತಡಾ ಸುರು ಮಾಡಿದ್ದಕ್ಕ ಘಾನಾದವ್ರಿಗೆ ಹೊರಳಾಟ ತಡಾ ಬರಬೇಕಿತ್ತಲ್ಲ? ಬರಲಿಲ್ಲ. ಜಡ್ಡು ಬಂದು ಎಷ್ಟು ವರ್ಷ ಆತು ಅನ್ನೋದರ ಮ್ಯಾಲೆ ಎರಡೂ ಕಡೆ ಒಂದ ಹೊತ್ತಿಗೆ ಬಂತು. 2014ರಾಗ ಇದು ಪ್ರಕಟ ಆತು. ಕಾಯಕೋತ ಕೂತ ವರ್ಷ ಬರೇ ತ್ರಾಸು ಪಟ್ಟಧಂಗ ಆತು ಅಷ್ಟ. ಅದ ವರ್ಷ ಇಂಗ್ಲೆಂಡಿನ ದೊಡ್ಡ ಪರೀಕ್ಷಾದ ಫಲಾನೂ ಬಂತು, 1620 ಮಂದಿ ಹೊಸ ಜಡ್ಡಿನವ್ರು. ಲೆವೊಡೋಪಾದಿಂದ ಸುರು ಮಾಡಿದವ್ರು ಓಡಾಟದಾಗ ಒಂದೀಟು ಮ್ಯಾಲ ಇದ್ರು, ಹೊರಳಾಟ ಮಾತ್ರ ಅವರಿಗೆ ಸ್ವಲ್ಪ ಹೆಚ್ಚು. ನನಗ ಮುಖ್ಯ ಅನ್ನಿಸಿದ ಅಂಕಿ ಬ್ಯಾರೆನ: ಕಾಟ ತಡೀಲಾರದ ಗುಳಗಿ ಬಿಟ್ಟವ್ರು ನಟಿಸೋ ಗುಳಗಿಯೊಳಗ ನೂರಕ್ಕ 28, ಸೆಲೆಜಿಲಿನ್ ಜಾತಿಯೊಳಗ 23, ಲೆವೊಡೋಪಾದಾಗ 2. 2019ರಾಗ ನೆದರ್‌ಲ್ಯಾಂಡ್ಸಿನವ್ರೂ ಲೆವೊಡೋಪಾ ಬೇಗ ಸುರು ಮಾಡಿದ್ರ ಕೆಡಕ ಆಗಂಗಿಲ್ಲ ಅಂತ ತೋರಿಸಿದ್ರು. ಈ ಎಲ್ಲಾ ನಮ್ಮ ಅತ್ತಿಯವರಿಗೆ ಓದಿ ಹೇಳಿದೆ. "ಅಂದ್ರ ನಾ ಸುಳ್ಳ ಬಿದ್ದೆ ಏನು" ಅಂದ್ರು. ಈಗ ಪೂರಾ ಗುಳಗಿ ತೊಗೊಳ್ತಾರ, ತಮ್ಮ ಸೀರಿ ತಾವ ಉಡ್ತಾರ.

"ಹಂಗಾದ್ರ ನಸಗುನ್ನಿ ಪುಡಿನ ಕೊಡೋಣಲ್ಲ, ಗಿಡದ್ದು, ಕಾಟ ಇಲ್ಲ" ಅಂತ ಕೇಳೋವ್ರು ಇದ್ದಾರ. ಅದರ ಪರೀಕ್ಷಾನೂ ಆಗ್ಯದ. 1995ರಾಗ ಶುದ್ಧ ಮಾಡಿದ ಪುಡಿಯನ್ನ 60 ಮಂದಿಗೆ ಕೊಟ್ಟು ಗುಣ ಕಂಡ್ರು. 2004ರಾಗ ಲಂಡನ್ನಿನಾಗ 8 ಮಂದಿಗೆ 30 ಗ್ರಾಂ ಪುಡಿ ಕೊಟ್ಟಾಗ ಗುಳಗಿಗಿಂತ ಲಗೂ ಏರಿ ಹೆಚ್ಚು ಹೊತ್ತು ನಿಂತಿತು. ಹಂಗಂತ ಅದು ಬ್ಯಾರೆ ಔಷಧ ಅಲ್ಲ, ಅದೂ ಲೆವೊಡೋಪಾನ. ಗುಳಗಿ ಮ್ಯಾಲೆ ಪುಡಿ ಕೊಟ್ರ ಎರಡು ಪಟ್ಟು ಆಗ್ತದ, ಹೊರಳಾಟ, ಭ್ರಮಿ ಎಲ್ಲಾ ಬರ್ತಾವ. ಬರೇ ಪುಡಿ ಕೊಟ್ರ ಕಾರ್ಬಿಡೋಪಾ ಇಲ್ಲದ್ದಕ್ಕ ಮತ್ತ ಗುಗ್ಗೆನ್‌ಹೈಮರ ವಾಂತಿ. ಒಂದು ಚಮಚದಾಗ ಎಷ್ಟು ಅದ ಅನ್ನೋದು ಬೀಜದಿಂದ ಬೀಜಕ್ಕ ಬ್ಯಾರೆ. ಕೊಡೋದಾದ್ರ ಡಾಕ್ಟರಿಗೆ ಹೇಳಿ, ಲೆಕ್ಕಾ ಹಾಕಿ ಕೊಡಬೇಕು. ಏಕಾದಶಿ ಉಪವಾಸ ಅಂತ ಗುಳಗಿ ಬಿಡೋವ್ರಿಗೂ ಒಂದು ಮಾತು: ಒಮ್ಮೆಲೆ ನಿಂದರಿಸಿದ್ರ ಮೈ ಕೊರಡಾಗಿ, ಜೋರು ಜ್ವರ ಬಂದು ಜೀವಕ್ಕ ಅಪಾಯ ಆಗಬಹುದು. ಉಪವಾಸದ ದಿನ ನೀರಿನ ಜೋಡಿ ಗುಳಗಿ ನುಂಗಲಿಕ್ಕೇಬೇಕು.

ಕಡೀದು, ಸರ್ಪಗಂಧಿಯಿಂದ ಕಲತದ್ದು. ಡೋಪಮಿನ್ನಿಗೆ ಅಡ್ಡ ಬರೋ ಔಷಧ ತೊಗೊಂಡ್ರ ಜಡ್ಡು ಇಲ್ಲದವ್ರಿಗೂ ಪಾರ್ಕಿನ್ಸನ್ಸಿನ ಲಕ್ಷಣ ಬರ್ತಾವ, ಇದ್ದವ್ರಿಗೆ ಹೆಚ್ಚಾಗ್ತಾವ. ಅಂಥಾ ಔಷಧ ನಮ್ಮ ಮನ್ಯಾಗ ದಿನಾ ಅವ: ವಾಂತಿಗೆ ಕೊಡೋ ಮೆಟೊಕ್ಲೋಪ್ರಮೈಡ್, ತೆಲಿ ತಿರಗೋದಕ್ಕ ಕೊಡೋ ಸಿನರಿಜಿನ್, ಅರ್ಧ ತೆಲಿಶೂಲಿಗೆ ಫ್ಲುನರಿಜಿನ್, ಮತ್ತ ಹೊಟ್ಟಿ ಉಬ್ಬರ, ಪಿತ್ತದ ಗುಳಗ್ಯಾಗ ಕೂಡಿಸಿರೋ ಲೆವೊಸಲ್ಪಿರೈಡ್. ಪಾಕೀಟಿನ ಮುಂದ ದೊಡ್ಡ ಹೆಸರು ಪಿತ್ತದ್ದ ಇರ್ತದ, ಇದರ ಹೆಸರು ಹಿಂದ ಸಣ್ಣ ಅಕ್ಷರದಾಗ. ತಿಂಗಳಗಟ್ಲೆ ತೊಗೊಂಡ ಎಷ್ಟೋ ಹೆಂಗಸರಿಗೆ ಕೈ ನಡುಗಿ, ತುಟಿ ಅದರಿ, ಪಾರ್ಕಿನ್ಸನ್ಸ್ ಅಂತನ ಗುಳಗಿ ಸುರು ಆಗ್ತದ. ವಾಂತಿಗೆ ಬೇಕಾದ್ರ ಡೊಂಪೆರಿಡೋನ್ ಅದ, ಅದು ಮಿದಳೊಳಗ ಹೋಗೋದು ಭಾಳ ಕಡಿಮಿ, ಆದ್ರ ಹೃದಯದ ತ್ರಾಸು ಇದ್ದವ್ರು ಕೇಳಿ ತೊಗೋಬೇಕು. ಯಾರಿಗಾದ್ರೂ ಹೊಸದಾಗಿ ಕೈ ನಡುಗಲಿಕ್ಕೆ ಹತ್ತಿದ್ರ ಹಿಂದಿನ ಆರು ತಿಂಗಳದಾಗ ನುಂಗಿದ ಎಲ್ಲಾ ಗುಳಗಿ ಪಾಕೀಟು, ಪಿತ್ತದ್ದು ಸಹಿತ, ಒಂದು ಚೀಲದಾಗ ಹಾಕ್ಕೊಂಡು ನರದ ಡಾಕ್ಟರ್ ಕಡೆ ಹೋಗ್ರಿ. ಔಷಧದಿಂದ ಬಂದದ್ದಾದ್ರ ಅದನ್ನ ಬಿಡಿಸಿದ ಮ್ಯಾಲೆ ಬಹಳಷ್ಟು ಮಂದಿಗೆ ಇಳೀತದ. ಕೆಲವರಿಗೆ ವಾರದಾಗ, ಕೆಲವರಿಗೆ ಆರು ತಿಂಗಳು ಹಿಡೀತದ.